ಹತ್ತನೆಯ ಅಂಕ

ಪತ್ರಿಕೆಯ ಆ ತುಂಡನ್ನು ಸುಂಕಪ್ಪ ಎರಡು ತಿಂಗಳಿಂದ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಮೆದುಳಿನ ಜೀವಕೋಶಗಳ ಮೇಲೆ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ, ಅವುಗಳಲ್ಲಿ ಆರನೆಯ ಬಗೆಯದನ್ನು ತಡೆದರೆ ಮರೆವಿನ ರೋಗಿಗಳ ನೆನಪು ಸುಧಾರಿಸಬಹುದು ಎಂದು ಅದರಲ್ಲಿತ್ತು. 'ಸುಧಾರಿಸಬಹುದು' ಎಂಬುದರ ಕೆಳಗೆ ಮಗಳು ಕ್ರಾಂತಿ ಗೆರೆ ಎಳೆದಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್.

"ಇನ್ನ ಪ್ರಯೋಗದಾಗ ಐತಪ್ಪ ಇದು. ಅರ್ಧ ಮಂದಿಗೆ ಔಷಧ, ಅರ್ಧ ಮಂದಿಗೆ ಏನೂ ಇಲ್ಲದ ಸಪ್ಪನ ಗುಳಿಗಿ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಂಗಿಲ್ಲ."

"ಅರ್ಧ ಐತಲ್ಲ, ಸಾಕು ಬಿಡು."

2008ರ ಫೆಬ್ರುವರಿಯಲ್ಲಿ ಆ ಪ್ರಯೋಗಕ್ಕೆ ರೋಗಿಗಳನ್ನು ಆರಿಸಲು ವೈದ್ಯರ ತಂಡ ಹರಪನಹಳ್ಳಿಗೇ ಬರುವುದಿತ್ತು. ನೆನಪಿನ ಪರೀಕ್ಷೆಗೆ ಮೂವತ್ತು ಅಂಕ. ಹತ್ತಕ್ಕಿಂತ ಕಡಿಮೆ ಬಂದವರಿಗೆ ಪ್ರವೇಶವಿಲ್ಲ. ಸುಂಕಪ್ಪನ ಹೆಂಡತಿ ಜೋಗಮ್ಮ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಈಗ ಸೋಪು ಕೈಯಲ್ಲಿ ಹಿಡಿದು ಇದೇನು ಎಂದು ಕೇಳುತ್ತಿದ್ದಳು.

ದಿನಾ ಬೆಳಿಗ್ಗೆ ಅವಳನ್ನು ಎದುರಿಗೆ ಕೂರಿಸಿಕೊಂಡು ಅವನು ಬಾಯಿಪಾಠ ಮಾಡಿಸತೊಡಗಿದ.

"ನಮ್ಮ ಜಿಲ್ಲಾ ಯಾವುದು?"

"ಬಳ್ಳಾರಿ."

"ಬಳ್ಳಾರಿ ಅಲ್ಲ ಮಾರಾಯ್ತಿ, ದಾವಣಗೆರೆ!"

1997ರಲ್ಲಿ ಹರಪನಹಳ್ಳಿ ತಾಲೂಕು ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದಾಗ, ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಸುಂಕಪ್ಪನೇ ಬಳ್ಳಾರಿಯ ಹಳೇ ಮೊಹರುಗಳನ್ನು ಮೂಟೆ ಕಟ್ಟಿಟ್ಟಿದ್ದ.

"ದಿನಾ 'ಬಳ್ಳಾರಿ ಅಲ್ಲ, ಬಳ್ಳಾರಿ ಅಲ್ಲ' ಅಂತ ನೀನಾ ಬಳ್ಳಾರಿನ ಅವ್ವನ ತಲಿಗೆ ತುಂಬಾಕತ್ತಿ" ಎಂದಳು ಕ್ರಾಂತಿ. "ಅಲ್ಲಪ್ಪ, ಹಿಂಗ ಹೇಳಿಕೊಟ್ಟು ಪಾಸು ಮಾಡಿಸಿದ್ರ ಅದು ಕಾಪಿ ಅಲ್ಲೇನು?"

"ನೌಕರಿಯಾಗ ಒಂದೂ ಸುಳ್ಳು ಮೊಹರು ಒತ್ತಿಲ್ಲ ನಾನು. ಇದೊಂದು ಒತ್ತತೀನಿ."

ಪರೀಕ್ಷೆಯ ದಿನ ತಂದೆ, ಮಗಳು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕಾಯಿತು. ವರ್ಷ ಕೇಳಿದರೆ ಜೋಗಮ್ಮ ಸೆರಗು ತಿರುವಿದಳು. ತಿಂಗಳಿಗೂ ಅಷ್ಟೇ. ರಾಜ್ಯ, ಊರು ಹೇಳಿದಳು. ಪೆನ್ನು, ಗಡಿಯಾರ ಗುರುತಿಸಿದಳು.

"ಈ ಊರು ಯಾವ ಜಿಲ್ಲೆಯಲ್ಲಿದೆ ಅಮ್ಮ?" ಎಂದರು ಡಾಕ್ಟರಮ್ಮ.

ಜೋಗಮ್ಮ ನೆಟ್ಟಗೆ ಕುಳಿತಳು.

"ಬಳ್ಳಾರಿ ಜಿಲ್ಲಾ. ತಾಲೂಕು ಎಂಟು. ಬಳ್ಳಾರಿ, ಸಿರುಗುಪ್ಪ, ಸಂಡೂರು, ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ."

ಒಂದು ವರ್ಷದಿಂದ ಅವಳು ಎಲ್ಲೂ ತಡವರಿಸದೆ ಇಷ್ಟು ಮಾತಾಡಿರಲಿಲ್ಲ. ಡಾಕ್ಟರಮ್ಮ ನಕ್ಕರು, ಸೊನ್ನೆ ಬರೆದರು. ಕೊನೆಗೆ ಕೂಡಿದಾಗ ಒಂಬತ್ತು ಬಂತು.

ಸುಂಕಪ್ಪ ಎದ್ದ. "ಮೇಡಮ್ಮಾರ, ಹನ್ನೊಂದು ವರ್ಷದ ಹಿಂದ ಕೇಳಿದ್ರ ಅದಾ ಸರಿ ಉತ್ತರ."

"ಇವತ್ತಿನದು ಬೇಕು, ಯಜಮಾನ್ರೇ."

"ಔಷಧ ಬ್ಯಾಡ್ರಿ ಹಂಗಾರ. ಆ ಸಪ್ಪನ ಗುಳಿಗಿನರ ಕೊಡ್ರಿ."

"ಅದಕ್ಕೂ ಹತ್ತು ಅಂಕ ಬೇಕು" ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು.

ಮರುದಿನ ಬೆಳಿಗ್ಗೆ ಜೋಗಮ್ಮ ರೂಢಿಯಂತೆ ಬಂದು ಗಂಡನ ಎದುರು ಕುಳಿತಳು. ಅವನು ಏನೂ ಕೇಳಲಿಲ್ಲ. ಅವಳೇ ಗದರಿದಳು:

"ಯಾಕಲೇ, ಸುಮ್ಮನ ಕುಂತೀಯಲ್ಲ? ಎದ್ದು ನಿಲ್ಲು. ನಮ್ಮ ಜಿಲ್ಲಾ ಯಾವುದು?"

ಡ್ಯೂಟಿಗೆ ಹೊರಟಿದ್ದ ಕ್ರಾಂತಿ ಬಾಗಿಲಲ್ಲೇ ನಿಂತಳು. ಸುಂಕಪ್ಪ ಮೊಣಕಾಲು ಹಿಡಿದು ಎದ್ದ.

"ಬಳ್ಳಾರಿ, ಟೀಚರ್."

"ಕುಂದ್ರು" ಎಂದಳು ಜೋಗಮ್ಮ.