ಬಾಯಿಂದ ತೆಗೆದು ಕೊಟ್ಟದ್ದು

ಐವತ್ತಾರನೆಯ ವಯಸ್ಸಿನಲ್ಲಿ ಮನುಷ್ಯ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂರಬೇಕು. ಜನಾರ್ದನರು ಮಾತ್ರ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ವಡೋದರದ ಒಂದು ಈಜುಕೊಳದ ತಳದಲ್ಲಿ ಕೂತಿದ್ದರು. ತಪ್ಪು ಬೇರೆ ಯಾರದ್ದೂ ಅಲ್ಲ, ಅವರದ್ದೇ ನಾಲಿಗೆಯದ್ದು.

ಒಬ್ಬಳೇ ಮಗಳು ನಮಿತಾಗೆ ಅಂಡಮಾನಿನಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತ್ತು. ಕಡಲಿನಡಿಗೆ ಇಳಿದು ಹವಳ ಎಣಿಸುವ ಕೆಲಸ. ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಜನಾರ್ದನರು ಕೇಳಿದ್ದು ಒಂದೇ ಪ್ರಶ್ನೆ: "ನೀರಿನಡಿ ಗಾಳಿ ಮುಗಿದ್ರೆ ಎಂತ ಮಾಡ್ತಿ?"

"ಪಕ್ಕದವರು ಶೇರ್ ಮಾಡ್ತಾರೆ, ಅಪ್ಪ."

"ತನ್ನ ಉಸಿರು ಯಾರಾದ್ರೂ ಇನ್ನೊಬ್ಬರಿಗೆ ಕೊಡ್ತಾರಾ ಮಾರಾಯ್ತಿ? ನಾನೇ ಇಳಿದು ನೋಡ್ಬೇಕು. ನಂಬಿಕೆ ಬಂದ್ರೆ ಮಾತ್ರ ನೀನು ಹೋಗುದು."

ಅಲ್ಲಿಗೆ ಮಾತು ಮುಗಿಯಿತು ಎಂದುಕೊಂಡಿದ್ದರು. ಹುಡುಗಿ ಅಂದೇ ಸಂಜೆ ಡೈವಿಂಗ್ ಕಲಿಕೆಗೆ ತನ್ನ ಜೊತೆ ಅವರ ಹೆಸರನ್ನೂ ಬರೆಸಿ ಬಂದಳು. ಮೂರು ವಾರ ಕಲಿಕೆ ನಡೆಯಿತು. ಇಂದು ಭಾನುವಾರ, ಕೊನೆಯ ಪರೀಕ್ಷೆ. ನಾಳೆ ನಮಿತಾ ಅಂಡಮಾನಿಗೆ ಹೌದೋ ಅಲ್ಲವೋ ಎಂದು ಉತ್ತರ ಕೊಡಬೇಕಿತ್ತು.

ಕಲಿಸುವವನು ಅನಿರುದ್ಧ. ಧಾರವಾಡ ಕಡೆಯವರ ಮಗ, ಬೆಳೆದದ್ದು ವಡೋದರದ ಪಕ್ಕದ ಕೊಯಾಲಿಯ ರಿಫೈನರಿ ಟೌನ್‌ಶಿಪ್‌ನಲ್ಲಿ. ಅವನು ಅಂದು ಬೆಳಿಗ್ಗೆಯೂ ಪೈಪುಗಳ ಪಾಠವನ್ನು ಮೊದಲಿನಿಂದ ಹೇಳಿದ್ದ.

"ನೋಡ್ರಿ ಅಂಕಲ್, ಎರಡು ಪೈಪು. ಉದ್ದಂದು ಬಲಗೈ ಕೆಳಗಿಂದ ಬಂದು, ಎದಿ ಮ್ಯಾಲೆ ಹಾದು, ಕುತ್ತಿಗಿ ಹಿಂದ ಸುತ್ತಿ ನಿಮ್ಮ ಬಾಯಿಗೆ ಬರ್ತದ. ಎಲ್ಲೂ ಜೋತು ಬೀಳಂಗಿಲ್ಲ, ತಲಿ ಆರಾಮಾಗಿ ತಿರುಗ್ತದ. ಗಿಡ್ಡಂದು ಗದ್ದದ ಕೆಳಗ ರಬ್ಬರ್ ದಾರದಾಗ ಇರ್ತದ. ಯಾರಿಗಾದ್ರೂ ಗಾಳಿ ಬೇಕಾದ್ರ ಬಾಯಾಗಿಂದು ತೆಗೆದು ಕೊಡ್ರಿ. ಕುತ್ತಿಗ್ಯಾಗಿಂದು ನೀವು ಬಾಯಿಗೆ ಹಾಕ್ಕೊಳ್ರಿ."

ಜನಾರ್ದನರು ತಲೆಯಾಡಿಸಿದ್ದರು. ತಲೆಗೆ ಹೋಗಿತ್ತು, ಕೈಗೆ ಇಳಿದಿರಲಿಲ್ಲ.

ಈಗ ನೀರಿನಡಿ ನಮಿತಾ ಎದುರಿಗೆ ಬಂದು, ಅಂಗೈಯನ್ನು ಕತ್ತಿನ ಮೇಲೆ ಅಡ್ಡ ಎಳೆದಳು. ಗಾಳಿ ಇಲ್ಲ ಎಂಬ ಸನ್ನೆ. ಜನಾರ್ದನರ ಕೈ ಬಾಯಿಯವರೆಗೆ ಹೋಯಿತು, ಅಲ್ಲೇ ನಿಂತಿತು.

ಎಂಜಲು!

ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುವ ಮನೆಯಲ್ಲಿ ಹುಟ್ಟಿದವರು ಅವರು. ಅವರ ಹೋಟೆಲಿನಲ್ಲಿ ಅಡಿಗೆಯವನು ಸಾಂಬಾರಿನ ರುಚಿ ನೋಡಬೇಕಾದರೆ ಅಂಗೈಗೆ ಒಂದು ತೊಟ್ಟು ಹಾಕಿ ನೆಕ್ಕಿ ಕೈ ತೊಳೆಯಬೇಕು, ಸೌಟಿಗೆ ಬಾಯಿ ತಾಗಿಸಿದರೆ ಅಂದೇ ಲೆಕ್ಕ ಚುಕ್ತಾ. ಈ ಕಲಿಕೆಗೂ ಬಾಡಿಗೆಯ ಸಾಮಾನಿಗೆ ಬಾಯಿ ಹಾಕಲೊಪ್ಪದೆ, ಕಚ್ಚಿಕೊಳ್ಳುವ ರಬ್ಬರನ್ನು ಹೊಸದಾಗಿ ಹಾಕಿಸಿಕೊಂಡಿದ್ದರು. ಪ್ರತಿ ಸಲ ಮೇಲೆ ಬಂದಾಗಲೂ ಬಾಯಿ ಮುಕ್ಕಳಿಸುತ್ತಿದ್ದರು. ಅಂಥವರು ತಮ್ಮ ಜೊಲ್ಲು ತಾಗಿದ್ದನ್ನು ಮಗಳ ಬಾಯಿಗೆ ಇಡುವುದೆಂದರೇನು?

ಕುತ್ತಿಗೆಯಲ್ಲಿದ್ದ ಶುದ್ಧವಾದದ್ದನ್ನೇ ಎಳೆದು ಕೊಟ್ಟರು. ಪೈಪು ಗಿಡ್ಡ, ಮೇಲಿಂದ ರಬ್ಬರ್ ದಾರ. ಅದು ಬರಲಿಲ್ಲ, ಮಗಳ ಮುಖವೇ ಬಂದು ಇವರ ಮುಖಕ್ಕೆ ಢಿಕ್ಕಿ ಹೊಡೆಯಿತು. ನಮಿತಾ ತನ್ನದನ್ನೇ ಬಾಯಿಗಿಟ್ಟುಕೊಂಡು ಮೇಲಕ್ಕೆ ಹೋದಳು, ಹಿಂದೆಯೇ ಇವರೂ ಬಂದರು.

"ಅಪ್ಪ, ಯಾಕೆ ಕೊಡ್ಲಿಲ್ಲ?"

"ಕೊಟ್ಟೆನಲ್ಲ! ಒಳ್ಳೆದನ್ನೇ ಕೊಟ್ಟೆ. ಬಾಯಲ್ಲಿದ್ದದ್ದು ಎಂಜಲು ಅಲ್ವಾ?"

ವಡೋದರದಲ್ಲೇ ಬೆಳೆದ ನಮಿತಾಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ಆ ಒಂದು ಪದ ಹುಟ್ಟಿದಾಗಿನಿಂದ ಕೇಳಿದ್ದು. ಅವಳು ಕಣ್ಣು ಮುಚ್ಚಿಕೊಂಡಳು. "ಇನ್ನೊಂದ್ಸಲ ಮಾಡೋಣ್ರಿ" ಎಂದು ಅನಿರುದ್ಧ ಬೇರೆ ಸಿಲಿಂಡರು ತರಲು ಹೋದ.

ಜನಾರ್ದನರಿಗೆ ಒಂದು ಉಪಾಯ ಹೊಳೆಯಿತು. ಹೋಟೆಲು ನಡೆಸಿದವರಿಗೆ ಜೋಡಣೆ ಗೊತ್ತಿಲ್ಲವೇ? ಗಿಡ್ಡ ಪೈಪನ್ನು ದಾರದಿಂದ ಬಿಡಿಸಿ ಬಾಯಿಗೆ ಇಟ್ಟುಕೊಂಡರು. ಉದ್ದದ್ದನ್ನು ಚೆನ್ನಾಗಿ ತೊಳೆದು, ಮಡಚಿ, ಎದೆಯ ಪಟ್ಟಿಗೆ ಸಿಕ್ಕಿಸಿದರು. ಇನ್ನು ಕೊಡುವುದು ಶುದ್ಧವಾದದ್ದೇ. ಯಾರಿಗೂ ಹೇಳಲಿಲ್ಲ.

ನೀರಿನಡಿ ನಮಿತಾ ಮತ್ತೆ ಸನ್ನೆ ಮಾಡಿದಳು. ಈ ಸಲ ಕಾಯಲಿಲ್ಲ. ನೇರವಾಗಿ ಅಪ್ಪನ ಬಾಯಿಗೇ ಕೈ ಹಾಕಿ ಎಳೆದುಕೊಂಡಳು. ಆ ಗಿಡ್ಡ ಪೈಪು ಅವಳ ಬಾಯಿಗೆ ಎಟುಕಲಿಲ್ಲ, ಇವರ ಬಾಯಲ್ಲೂ ಉಳಿಯಲಿಲ್ಲ. ಜನಾರ್ದನರು ಎದೆ ತಡಕಿದರು. ಪಟ್ಟಿ ಎಡಕ್ಕೋ ಬಲಕ್ಕೋ? ತಾವೇ ಸಿಕ್ಕಿಸಿದ್ದು ತಮಗೇ ಸಿಗಲಿಲ್ಲ. ಒಂದು ಗುಟುಕು ನೀರು ಗಂಟಲಿಗೆ ಹೋಯಿತು. ಲೋಕದಲ್ಲಿ ಗಾಳಿಯೊಂದನ್ನು ಬಿಟ್ಟು ಬೇರೇನೂ ಬೇಡವೆನಿಸಿತು. ಅನಿರುದ್ಧ ಭುಜ ಹಿಡಿದು ಮೇಲಕ್ಕೆತ್ತಿದ.

"ಪೈಪು ಬದಲಿ ಮಾಡಿದ್ರ ಜೋಡಿ ಇದ್ದಾವ್ರಿಗೆ ಹೇಳ್ಬೇಕ್ರೀ!" ಅವನ ದನಿ ಮೊದಲ ಸಲ ಏರಿತ್ತು. "ಗಾಳಿ ಇಲ್ದಾವ್ರು ಹುಡುಕ್ಕೋತ ಕೂಡಂಗಿಲ್ಲ. ನಿಮ್ಮ ಬಾಯಾಗಿಂದು ಕೆಲಸ ಮಾಡಾಕತ್ತದ ಅಂತ ಕಣ್ಣಿಗೆ ಕಾಣ್ತದ. ಅದಕ್ಕ ಕೈ ಹಾಕ್ತಾರ."

ಕೆಮ್ಮುತ್ತಲೇ ಜನಾರ್ದನರು ಯೋಚಿಸಿದರು. ದಿನಾ ಮಧ್ಯಾಹ್ನ ಅವರು ಬಾಗಿಲಿನ ಬಳಿಯ ಮೇಜಿನಲ್ಲೇ ಕೂತು ಊಟ ಮಾಡುತ್ತಿದ್ದರು. ಯಜಮಾನನೇ ತಿನ್ನುವ ಅನ್ನ ಎಂದು ಗಿರಾಕಿಗೆ ಧೈರ್ಯ ಬರಲಿ ಎಂದು. ಇದೂ ಅದೇ ಅಲ್ಲವೇ? ಹೌದು. ಹಾಗಾದರೆ ಕೈ ಯಾಕೆ ಏಳುವುದಿಲ್ಲ?

ಆಗ ಇನ್ನೊಂದು ಸಂಶಯ ತಲೆಯೆತ್ತಿತು. ತಾನು ಸರಿಯಾಗಿ ಕೊಟ್ಟರೆ ಮಗಳು ಹೋಗುತ್ತಾಳೆ. ಕೊಡದಿದ್ದರೆ ಇರುತ್ತಾಳೆ. ಹಿಡಿದು ನಿಲ್ಲಿಸುತ್ತಿರುವುದು ಎಂಜಲೋ, ಈ ಲೆಕ್ಕಾಚಾರವೋ? ಎಷ್ಟು ತಿಣುಕಿದರೂ ಅವರಿಗೆ ತಿಳಿಯಲಿಲ್ಲ. ಉಸಿರು ಯಾರು ಕೊಡುತ್ತಾರೆ ಎಂದು ಕೇಳಿದವರು ತಾವು. ಎರಡು ಸಲ ಕೊಡದೆ ಬಂದವರೂ ತಾವೇ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಹೆಂಡತಿ ಜಯಂತಿ ಕೊಳದ ದಡದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಟವೆಲು ಕೊಡುತ್ತಾ ಅಂದರು, "ಮೂರು ವರ್ಷದವಳಿರುವಾಗ ಇವಳು ಅರ್ಧ ಕಚ್ಚಿದ ಗೋಳಿಬಜೆ ನಿಮ್ಮ ಬಾಯಿಗೆ ತುರುಕ್ತಿದ್ಳು. ಗಲ್ಲಾದಲ್ಲಿ ಕೂತು, ಗಿರಾಕಿಗಳ ಎದುರೇ ತಿಂತಿದ್ರಿ. ಆಗ ಎಂಜಲು ಎಲ್ಲಿಗೆ ಹೋಗಿತ್ತು?"

"ಆಗ ಅವಳು ಮಗು."

"ಈಗ ಎಂತ?"

ಜನಾರ್ದನರು ಟವೆಲು ಬದಿಗಿಟ್ಟರು. ಉದ್ದದ ಪೈಪನ್ನು ತಾವೇ ಕೈಗೆತ್ತಿಕೊಂಡರು. ಬಲಗೈ ಕೆಳಗೆ, ಎದೆಯ ಮೇಲೆ, ಕುತ್ತಿಗೆಯ ಹಿಂದೆ. ಗಿಡ್ಡದ್ದನ್ನು ದಾರಕ್ಕೆ ಸಿಕ್ಕಿಸಿದರು. ಮಗಳ ಮುಂದೆ ನಿಂತು, "ಸರಿ ಉಂಟಾ ನೋಡು" ಅಂದರು. ನಮಿತಾ ಪೈಪಿನುದ್ದಕ್ಕೂ ಬೆರಳು ಓಡಿಸಿ, ಒಂದು ಕಡೆ ಸಡಿಲ ಮಾಡಿ, ತಲೆಯಾಡಿಸಿದಳು.

ಮೂರನೆಯ ಸಲ ಅಂಗೈ ಕತ್ತಿನ ಮೇಲೆ ಸರಿಯಿತು. ಜನಾರ್ದನರು ಮಗಳ ಕಣ್ಣು ನೋಡಿದರು. ಮುಖವಾಡದ ಗಾಜಿನ ಹಿಂದೆ ಅದು ದೊಡ್ಡದಾಗಿ ಕಾಣುತ್ತಿತ್ತು. ಸುಳ್ಳು ಸನ್ನೆ ಎಂದು ಗೊತ್ತಿದ್ದರೂ, ಸ್ವಲ್ಪ ಹೊತ್ತಿಗೆ ಮುಂಚೆ ಗಾಳಿಯಿಲ್ಲದೆ ಒದ್ದಾಡಿದ ಎದೆ ಅದನ್ನು ಸುಳ್ಳೆಂದು ಒಪ್ಪಲಿಲ್ಲ. ಬಾಯಿಂದ ತೆಗೆದು ಅವಳ ಬಾಯಿಗಿಟ್ಟರು. ತಲೆ ಬಗ್ಗಿಸಿ ಪೈಪು ಬಿಡಿಸಿದರು. ಕುತ್ತಿಗೆಯಲ್ಲಿದ್ದದ್ದು ಗದ್ದದ ಕೆಳಗೇ ಸಿಕ್ಕಿತು.

ಹಾಗೇ ಕೊಳದ ಆ ತುದಿಯವರೆಗೆ ಈಜಬೇಕು. ಎರಡು ಮೀಟರ್ ಉದ್ದದ ಪೈಪು. ಮಗಳು ಮುಂದೆ, ಅಪ್ಪ ಹಿಂದೆ. ಅವಳು ಚುರುಕು. ಪೈಪು ಬಿಗಿಯಾದಾಗಲೆಲ್ಲ ಜನಾರ್ದನರು ಕಾಲು ಬಡಿದು ಹತ್ತಿರ ಹೋಗುತ್ತಿದ್ದರು. ತುದಿ ಬೇಗ ಬಂದುಬಿಟ್ಟಿತು. ಇನ್ನಷ್ಟು ಉದ್ದಕ್ಕೆ ಕಟ್ಟಲು ಈ ಕೊಳದವರಿಗೇನಾಗಿತ್ತು ಎಂದು ಸಿಟ್ಟು ಬಂತು. ನಮಿತಾ ತನ್ನದನ್ನು ಕಚ್ಚಿಕೊಂಡು ಅಪ್ಪನದನ್ನು ಹಿಂದಕ್ಕೆ ಚಾಚಿದಳು. ಅವರು ಅದನ್ನು ತೆಗೆದುಕೊಂಡು ಬಾಯಿಗಿಟ್ಟುಕೊಂಡರು.

ಇಬ್ಬರೂ ಮೇಲೆ ಬಂದರು. ನಮಿತಾಳೇ ಮೆಲ್ಲಗೆ ಕೇಳಿದಳು, "ಅಪ್ಪ, ನಾಳೆ ನಾನು ಏನು ಹೇಳ್ಲಿ?"

"ಅಲ್ಲಿ ನಿನ್ನ ಜೋಡಿ ಇಳಿಯುವವರು ಯಾರು?"

"ವರ್ಷಿಣಿ ಅಂತ. ಯಾಕೆ?"

"ಅವಳ ಫೋನ್ ನಂಬರ್ ಕೊಡು. ಪೈಪು ಹೇಗೆ ಸುತ್ತಿಕೊಳ್ತಾಳೆ, ಬಾಯಲ್ಲಿದ್ದದ್ದು ಕೊಡ್ತಾಳಾ ಇಲ್ವಾ, ನಾನೇ ಕೇಳ್ಬೇಕು."

ನಮಿತಾ ಒದ್ದೆ ಕೈಯಲ್ಲೇ ಫೋನು ಹುಡುಕಲು ಓಡಿದಳು. ಜಯಂತಿ ಎಂದಿನಂತೆ ಮುಕ್ಕಳಿಸಲೆಂದು ನೀರಿನ ಲೋಟ ಮುಂದೆ ಹಿಡಿದರು. ಜನಾರ್ದನರು ಅದನ್ನು ತೆಗೆದುಕೊಂಡು ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತರು. ಆಮೇಲೆ ಹಾಗೇ ಕೆಳಗಿಟ್ಟರು.