ಜಗನ್‌ನ ರಿಸೆಪ್ಷನ್ ಕೋಟು

ಚಿಂತಾಮಣಿಯ ಡಿಸೈನರ್ ಮಧುಕುಮಾರ್ ಹೊಲಿದ ಕೋಟು ತೊಟ್ಟವನೊಬ್ಬ ನಂದಿಬೆಟ್ಟದ ತುದಿಯಿಂದ ಜಾರಿ ಬಿದ್ದನಂತೆ. ಕೆಳಗೆ ಬಂದು ಮುಟ್ಟಿದಾಗ ಮೈಗೆ ಗೀರಿಲ್ಲ, ಕೋಟಿನ ಇಸ್ತ್ರಿಯೂ ಮುರಿದಿರಲಿಲ್ಲ. ಎದ್ದವನೇ ಬಸ್ಸು ಹತ್ತಿದ. ಯಾರೋ ಮಂತ್ರಿಯಿರಬೇಕೆಂದು ಕಂಡಕ್ಟರು ಟಿಕೆಟ್ಟನ್ನೇ ಕೇಳಲಿಲ್ಲ.

ಅಂಥ ಮಧುಕುಮಾರ್ ಈಗ ಕೆಂಚಾರ್ಲಹಳ್ಳಿಯ ಛತ್ರದ ಕೋಣೆಯಲ್ಲಿ, ಮದುಮಗ ಜಗನ್‌ನ ಹೊಟ್ಟೆಯೆದುರು ಮಂಡಿಯೂರಿ ಕೂತಿದ್ದ. ಗುಂಡಿಗೂ ಕಾಜಕ್ಕೂ ನಡುವೆ ಎತ್ತಿನಗಾಡಿ ಹಾಯುವಷ್ಟು ಜಾಗ. ಹೊರಗೆ ಆರ್ಕೆಸ್ಟ್ರಾ ಶುರುವಾಗಿತ್ತು. ಮದುಮಗಳು ವೇದಿಕೆಯ ಮೇಲೆ ಒಬ್ಬಳೇ ಕಾಯುತ್ತಿದ್ದಳು.

ಅಳತೆ ಕೊಟ್ಟಾಗ ಜಗನ್ ನುಗ್ಗೇಕಾಯಿಯಂತಿದ್ದ. ಮದುವೆ ಗೊತ್ತಾದ ಮೇಲೆ ನೆಂಟರೆಲ್ಲ ಸರದಿಯಲ್ಲಿ ಕರೆದು ಉಣ್ಣಿಸಿದರು. ಪೆರೇಸಂದ್ರದ ಸೋದರತ್ತೆಯೊಬ್ಬಳೇ ಇವನಿಗಾಗಿ ಒಂದು ಕೋಳಿಫಾರಂ ಖಾಲಿ ಮಾಡಿದ್ದಳು.

“ಉಸ್ರು ಒಳಕ್ಕೆ ಎಳ್ಕೊಳಪ್ಪ.”

“ಎಳ್ಕೊಂಡೇ ಇದೀನಿ ಕಣಣ್ಣ. ಇನ್ನೂ ಎಳ್ಕೊಂಡ್ರೆ ಬೆಳಗ್ಗೆ ತಾಳಿ ಕಟ್ಟೋಕೆ ನಾನೇ ಇರಲ್ಲ.”

ಜಗನ್‌ನ ತಾಯಿ ಶ್ಯಾಮಲಮ್ಮ ಬಾಗಿಲು ಹಾಕಿಕೊಂಡು ಬಂದಳು. “ಪಕ್ಕಾ ಇಂಡಿಯಾ ಕೋಟು ಅಂದ್ಯಲ್ಲಪ್ಪ ಮಧು?”

“ಹೌದಮ್ಮ. ಶಿಡ್ಲಘಟ್ಟದ ರೇಷ್ಮೆ, ಎದೆ ಮೇಲೆ ಮಾವಿನಕಾಯಿ ಕಸೂತಿ, ಬೆನ್ನ ಮೇಲೆ ನವಿಲು. ಇದನ್ನ ನೋಡಿದ್ರೆ ಲಂಡನ್ನೋರು ನಾಚ್ಕೊಂಡು ಬರೀಮೈಲಿ ಓಡಾಡ್ತಾರೆ.”

“ನವಿಲು ಕಟ್ಕೊಂಡು ಏನ್ ಮಾಡ್ಲಿ? ಹೊಲಿಗೆ ಒಳಗಡೆ ಮಡಚಿ ಬಿಟ್ಟಿರೋ ಬಟ್ಟೆ ಬಿಚ್ಚು. ಮನುಷ್ಯ ದಪ್ಪ ಆಗ್ತಾನೆ ಅಂತ ನಮ್ಮೋರು ಎರಡು ಬೆರಳು ಬಿಟ್ಟೇ ಹೊಲೀತಾರೆ. ನನ್ನ ಮದ್ವೆ ರವಿಕೆ ಬಿಚ್ಚಿ ಬಿಚ್ಚಿ ಈಗ್ಲೂ ಹಾಕ್ಕೊಂತೀನಿ.”

ಮಧು ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. “ಬಿಚ್ಚೋದೇ ಬೇಡಮ್ಮ. ಇದು ಒಳ್ಳೇ ರೇಷ್ಮೆ. ಸ್ಟೇಜ್ ಲೈಟಿನ ಬಿಸಿಗೆ ತಾನಾಗೇ ಹಿಗ್ಗುತ್ತೆ.”

ಶ್ಯಾಮಲಮ್ಮ ಮಗನ ಮೈಮೇಲಿಂದ ಕೋಟು ಕಳಚಿ ಒಳಮಗ್ಗುಲು ತಿರುಗಿಸಿದಳು. ಹೊಲಿಗೆಯ ಪಕ್ಕ ಈಗಷ್ಟೇ ಕ್ಷೌರ ಮಾಡಿಸಿದ ಗಲ್ಲದಂತೆ ನುಣುಪು. ಹಿಡಿದೆಳೆಯಲು ಒಂದು ಎಳೆಯೂ ಸಿಗಲಿಲ್ಲ.

“ಬಟ್ಟೆ ಎಲ್ಲಪ್ಪ?”

ಮೈಕಿನಲ್ಲಿ ಮದುಮಗನನ್ನು ಕರೆದರು. ಮಧುವಿನ ಕೈಯಲ್ಲಿ ಸೂಜಿಯಿತ್ತು, ದಾರವಿತ್ತು. ಹೊಲಿಯಲು ಏನೂ ಇರಲಿಲ್ಲ.

“ಕತ್ತರಿಸ್ಬಿಟ್ಟೆ ಕಣಮ್ಮ,” ಎಂದ, ತಲೆಯೆತ್ತದೆ. “ಫಾರಿನ್ ಕೋಟಿನ ವೀಡಿಯೋ ನೋಡ್ದೆ, ಒಳಗೆಲ್ಲ ನೀಟಾಗಿತ್ತು. ಇದೂ ಹಂಗೇ ಕಾಣ್ಲಿ ಅಂತ ಆಸೆ ಆಯ್ತು. ನವಿಲು ಯಾರ್ ಬೇಕಾದ್ರೂ ಹೊಲೀತಾರೆ. ನಮ್ಮದು ಅಂತ ಇದ್ದಿದ್ದು ಆ ಎರಡು ಬೆರಳು ಬಟ್ಟೆ, ಅದನ್ನೇ ಗುಡಿಸಿ ಬಿಸಾಕ್ದೆ. ಈಗ ನನ್ ಕೈಲಿ ಏನೂ ಆಗಲ್ಲ.”