ಒಡೆಯರು ಪಿಕಪ್ ಹತ್ತಲಿಲ್ಲ

ನನ್ನ ಗಂಡ ತಾವೋನ್ ಮೂವತ್ತೊಂದು ವರ್ಷ ಡೀಸೆಲ್ ಇಂಜಿನ್ ಓಡಿಸಿದವರು. ಹಳಿಯ ಮೇಲೆ ಎಮ್ಮೆ ಹಿಂಡೇ ಮಲಗಿದ್ದರೂ ಹೆದರದ ಮನುಷ್ಯ, ಮೊಣಕಾಲಿಗೆ ಆಪರೇಷನ್ ಎಂದ ಕೂಡಲೇ ಬೆವರತೊಡಗಿದರು. ಮೂಳೆ ಸವೆದು ಮೊಣಕಾಲು ಚಕ್ಕೋತದಷ್ಟು ಊದಿತ್ತು. ಮೂರು ಸಲ ತಾರೀಖು ನಿಗದಿಯಾಗಿ ಮೂರು ಸಲವೂ ನುಣುಚಿಕೊಂಡಿದ್ದರು. ಈ ಸೋಮವಾರ ತಪ್ಪಿದರೆ ಮುಂದೆ ನಡೆಯುವ ಆಸೆಯನ್ನೇ ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

“ಹರಕೆ ಬಾಕಿ ಇದೆ ಅಜ್ಜಿ,” ಅಂದರು ಇವರು. ಮೊಮ್ಮಗಳು ಹುಟ್ಟಿದಾಗಿನಿಂದ ನಾವು ಒಬ್ಬರನ್ನೊಬ್ಬರು ಕರೆಯುವುದು ತಾತ, ಅಜ್ಜಿ ಎಂದೇ. “ಹರಕೆ ತೀರಿಸದೆ ಕತ್ತಿಗೆ ಕಾಲು ಕೊಟ್ರೆ ಎದ್ದು ಬರ್ತೀನಾ?”

ಹರಕೆ ಸುಳ್ಳಲ್ಲ. ನಮ್ಮ ನೊಂಗ್ ಸೈ ಸ್ಟೇಷನ್ನಿನಲ್ಲಿ ಕಂಬದ ಮೇಲೊಂದು ಪುಟ್ಟ ಗುಡಿ, ಅದರಲ್ಲಿ ಆ ಜಾಗ ಕಾಯುವ ದೈವ, ನಮ್ಮ ನೆಲದೊಡೆಯರು. ನಿವೃತ್ತಿಯ ದಿನ ಬೆಳಿಗ್ಗೆ ಇವರು ಅಲ್ಲಿ ಕೈಮುಗಿದು, “ಇವತ್ತೊಂದು ದಿನ ಇಂಜಿನ್ ಕೈಕೊಡದೆ ಊರು ಮುಟ್ಟಿಸಿದ್ರೆ ಕಿರೀಟ ಇಟ್ಟು, ಬಳೆ ತೊಟ್ಟು ನಿಮ್ಮೆದುರು ಕುಣೀತೀನಿ” ಎಂದು ಬೇಡಿಕೊಂಡಿದ್ದರು. ವಾರಕ್ಕೊಮ್ಮೆ ತಾವರೆಕೆರೆ ಹತ್ತಿರ ಕೆಟ್ಟು ನಿಲ್ಲುತ್ತಿದ್ದ ಆ ಹಳೇ ಇಂಜಿನ್ ಅವತ್ತು ಸರಿಯಾದ ಹೊತ್ತಿಗೆ ಬಂದು ನಿಂತಿತು. ಇವರಿಗೆ ನಾಚಿಕೆ. ನಾಳೆ ಕುಣಿದರಾಯಿತು ಎನ್ನುತ್ತಲೇ ದಿನ ತಳ್ಳಿದರು.

ಅಷ್ಟರಲ್ಲಿ ಜೋಡಿ ಹಳಿ ಬಂತು. ಸ್ಟೇಷನ್ ಎರಡೇ ದಿನದಲ್ಲಿ ನೆಲಸಮ. ಟಿಕೆಟ್ ಕಿಟಕಿ, ಸಾಗುವಾನಿ ಬೆಂಚು, ಇಪ್ಪತ್ತಾರು ವರ್ಷ ಸುಟ್ಟ ಕೋಳಿ ಮಾರಲು ನಾನು ನಿಲ್ಲುತ್ತಿದ್ದ ಗಂಟೆಯ ಕೆಳಗಿನ ಜಾಗ, ಎಲ್ಲ ಲಾರಿ ಹತ್ತಿ ಹೋಯಿತು. ಹಳೇ ಇಂಜಿನ್‌ಗಳನ್ನು ಗುಜರಿಗೆ ಎಳೆದೊಯ್ದ ದಿನ ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಅಮ್ಮ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

“ಗುಡೀನ ಹೊಸ ಸ್ಟೇಷನ್ನಲ್ಲಿ ಇಟ್ಟಿದಾರಲ್ಲ, ಅಲ್ಲೇ ಹೋಗಿ ಕುಣೀರಿ,” ಅಂದೆ.

“ಗುಡಿ ಇದೆ. ಒಡೆಯರು ಇದಾರಾ? ಬಾಟಲಿ ಅಲ್ಲಾಡ್ತದಾ?”

ಇವರು ಹೇಳಿದ್ದು ನಿಜ. ಹಳೇ ಸ್ಟೇಷನ್ನಿನಲ್ಲಿ ಒಡೆಯರಿಗೆ ಕೆಂಪು ಸೋಡಾ ಇಟ್ಟರೆ, ಇಂಜಿನ್ ಒಳಬರುವಾಗ ಬಾಟಲಿ ಗಡಗಡ ನಡುಗುತ್ತಿತ್ತು, ಸ್ಟ್ರಾ ಕುಣಿಯುತ್ತಿತ್ತು. ಒಡೆಯರು ಕುಡಿದರು, ಒಲಿದರು ಎಂದು ಊರೆಲ್ಲ ಕೈಮುಗಿಯುತ್ತಿತ್ತು. ಹೊಸ ಸ್ಟೇಷನ್ ಪೂರಾ ಕಾಂಕ್ರೀಟು, ಹೊಸ ಗಾಡಿಗಳು ಕಳ್ಳರ ಹಾಗೆ ಸದ್ದಿಲ್ಲದೆ ಬರುತ್ತವೆ. ಸೋಡಾ ಕುಡಿಯುವುದು ಇರುವೆ ಮಾತ್ರ.

ಕಗ್ಗಂಟು ಬಿಡಿಸಿದವಳು ಪ್ರಾನೋಮ್. ರೈಲ್ವೆ ಗೇಟಿನಲ್ಲಿ ಬಾವುಟ ಬೀಸಿ ಬೀಸಿ ನಿವೃತ್ತಳಾದ ನಮ್ಮ ಪಕ್ಕದ ಮನೆಯವಳು.

“ಸಾಗಿಸಿದ್ದು ಹೇಗೆ ಹೇಳಿ? ಪಿಕಪ್ ಗಾಡೀಲಿ! ಅರವತ್ತು ವರ್ಷ ರೈಲ್ವೇಲಿದ್ದ ಒಡೆಯರು ಪಿಕಪ್ ಹತ್ತುತಾರಾ? ಖಾಲಿ ಗುಡಿ ಹೋಗಿದೆ ಅಷ್ಟೇ. ಅವರು ಹಳೇ ಜಾಗದಲ್ಲೇ ಗಾಡಿಗೆ ಕಾಯ್ತಾ ನಿಂತಿದಾರೆ, ಪಾಪ.”

“ಇಂಜಿನ್ ಎಲ್ಲಿಂದ ತರೋಣ?” ಅಂದೆ.

ಅವಳು ನನ್ನ ಗಂಡನನ್ನು ನೋಡಿದಳು. ನಾನೂ ನೋಡಿದೆ. ಸ್ನಾನ ಮಾಡುವಾಗ, ನಿದ್ದೆಯಲ್ಲಿ, ನನ್ನ ತಮ್ಮನ ಮದುವೆಯಲ್ಲಿ ಸಹ ಇಂಜಿನ್ ಸದ್ದು ಮಾಡಿದ ಮನುಷ್ಯ ತಪ್ಪಿಸಿಕೊಳ್ಳಲು ಬಾಗಿಲು ಹುಡುಕುತ್ತಿದ್ದರು.

ಶನಿವಾರ ಬೆಳಿಗ್ಗೆ ಹಳೇ ಜಾಗದ ಜಲ್ಲಿಗುಡ್ಡೆಯ ಮುಂದೆ ಊದುಬತ್ತಿ ಹಚ್ಚಿ ಒಡೆಯರನ್ನು ಕರೆದೆವು. ಮುಂದೆ ಇಂಜಿನ್ ತಾವೋನ್, ಹಿಂದೆ ಒಬ್ಬರ ಹೆಗಲು ಒಬ್ಬರು ಹಿಡಿದು ಬೋಗಿಗಳಾದ ಊರಿನ ಹನ್ನೊಂದು ಜನ, ಕೊನೆಗೆ ಕೋಳಿಬುಟ್ಟಿಯ ಜೊತೆ ಕಿರೀಟ, ಬಳೆ ಹೊತ್ತ ನಾನು. ಇಂಜಿನ್ನಿಗೂ ಮೊದಲ ಬೋಗಿಗೂ ನಡುವೆ ಒಡೆಯರಿಗೆಂದು ಒಂದಾಳಿನ ಜಾಗ ಬಿಟ್ಟಿದ್ದೆವು. ಪ್ರಾನೋಮ್ ಹಸಿರು ಬಾವುಟ ಬೀಸಿದಳು. “ಪೋಂ...” ಎಂದಿತು ಇಂಜಿನ್.

ಎರಡು ಕಿಲೋಮೀಟರ್ ದಾರಿ. ಊರ ನಾಯಿಗಳೆಲ್ಲ ಹಿಂದೆ ಬಿದ್ದವು. ಪ್ರಾನೋಮ್ ಎತ್ತಿದ ಕೆಂಪು ಬಾವುಟ ನೋಡಿ ಮರಗೆಣಸಿನ ಲಾರಿ ನಿಂತಿತು. ವಿಷಯ ತಿಳಿದ ಡ್ರೈವರ್, ಬಿಟ್ಟ ಜಾಗಕ್ಕೆ ಕೈಮುಗಿದ.

ತಾವರೆಕೆರೆ ಹತ್ತಿರ ಇವರ ಮೊಣಕಾಲು ಕೈಕೊಟ್ಟಿತು.

“ಅಯ್ಯೋ, ಇವತ್ತೂ ಇಲ್ಲೇನಾ!” ಎಂದು ಬೋಗಿಗಳೆಲ್ಲ ಬೈದುಕೊಳ್ಳುತ್ತ ಮರದ ನೆರಳಿಗೆ ಹೋದವು. ನನ್ನ ಕಾಲೂ ಹಳೇ ಚಾಳಿ ಬಿಡಲಿಲ್ಲ. “ಸುಟ್ಟ ಕೋಳಿ, ಅಂಟಕ್ಕಿ ಅನ್ನ!” ಎಂದು ಕೂಗುತ್ತ ಉದ್ದಕ್ಕೂ ಓಡಾಡಿದೆ. ಎಷ್ಟು ಖುಷಿಯಾಯಿತೆಂದರೆ, ಸ್ಟೇಷನ್ ಬಿದ್ದ ಮೇಲೆ ಅಷ್ಟು ನಕ್ಕೇ ಇರಲಿಲ್ಲ. ಆಮೇಲೆ ಇವರ ಕಡೆ ನೋಡಿದೆ. ಯಾರಿಗೂ ಕಾಣದಂತೆ ತಿರುಗಿ ಕೂತು ಮೊಣಕಾಲು ಅಮುಕಿಕೊಳ್ಳುತ್ತಿದ್ದರು, ಕಣ್ಣಲ್ಲಿ ನೀರು. ಸೋಮವಾರ ಈ ಮನುಷ್ಯನನ್ನು ಹೊತ್ತಾದರೂ ಆಸ್ಪತ್ರೆಗೆ ಹಾಕಬೇಕು ಎಂದುಕೊಂಡೆ.

ಹೊಸ ಸ್ಟೇಷನ್ ತಲುಪಿ ಕಂಬದ ಮೇಲಿನ ಗುಡಿಯಲ್ಲಿ ಕೆಂಪು ಸೋಡಾ ಇಟ್ಟೆವು. ಇಂಜಿನ್ ಕಿರ್ರೆಂದು ಬ್ರೇಕ್ ಹಾಕಿತು. ಬಾಟಲಿ ಮಿಸುಕಲಿಲ್ಲ. ಇನ್ನೊಮ್ಮೆ ಪೋಂ ಎಂದರೂ ಮಿಸುಕಲಿಲ್ಲ.

“ನೋಡ್ದ್ಯಾ ಅಜ್ಜಿ? ಬಂದಿಲ್ಲ. ಸೋಮವಾರ ಆಗೋದಲ್ಲ ಇದು,” ಅಂದರು. ಆ ದನಿಯಲ್ಲಿದ್ದ ನೆಮ್ಮದಿ ಕೇಳಿ ನನ್ನ ಮೈ ಉರಿದುಹೋಯಿತು.

“ಎಲ್ಲರೂ ಕಣ್ಮುಚ್ಚಿ ಬೇಡ್ಕೊಳಿ!” ಎಂದು ಗದರಿದೆ. ಮುಚ್ಚಿದರು. ಕ್ಷಮಿಸಿ ಒಡೆಯರೇ ಎಂದು ಮನಸ್ಸಿನಲ್ಲೇ ಅಡ್ಡಬಿದ್ದು, ಗುಡಿಯ ಕಂಬಕ್ಕೆ ಇದ್ದಬದ್ದ ಬಲವೆಲ್ಲ ಹಾಕಿ ಒದ್ದೆ.

ಬಾಟಲಿ ಗಡಗಡ ಎಂದಿತು.

“ಬಂದ್ರು! ಬಂದ್ರು!” ಪ್ರಾನೋಮ್ ಕಿರುಚಿದಳು. ಇವರು ಬಾಟಲಿ ನೋಡಿದರು, ನನ್ನನ್ನು ನೋಡಿದರು, ಕಿರೀಟಕ್ಕೆ ಕೈಚಾಚಿದರು. ಬಳೆ ತೊಟ್ಟು, ಒಂದೂವರೆ ಕಾಲಿನಲ್ಲಿ ಕುಣಿದೇ ಕುಣಿದರು.

ಸೋಮವಾರ ಆಸ್ಪತ್ರೆಯಲ್ಲಿ ಇವರನ್ನು ತಳ್ಳುಮಂಚದ ಮೇಲೆ ಮಲಗಿಸಿದರು. ನಾನು ಎರಡು ದಿನದಿಂದ ಆಣಿ ಎದ್ದಿದೆ ಎಂದು ಸುಳ್ಳು ಹೇಳಿ ಕುಂಟುತ್ತಿದ್ದೆ. ಇವರು ಡಾಕ್ಟರ ತೋಳು ಹಿಡಿದರು.

“ಡಾಕ್ಟರೇ, ಮೊದ್ಲು ಇವಳ ಹೆಬ್ಬೆರಳು ನೋಡಿ. ಬಾಟಲಿ ಅಲ್ಲಾಡಿಸಿದ್ದು ಅದೇ.”

“ನೋಡಿದ್ರಾ?” ಅಂದೆ.

“ನೋಡೋದೇನು? ಮೂವತ್ತೊಂದು ವರ್ಷ ಆ ಬಾಟಲಿ ಅಲ್ಲಾಡಿಸಿದ್ದು ನನ್ನ ಇಂಜಿನ್. ನಂಗೊತ್ತಾಗಲ್ವಾ?”

“ಎಲ್ಲಾ ಗೊತ್ತಿದ್ದೂ ಕುಣಿದ್ರಾ ತಾತ?”

“ನನಗೋಸ್ಕರ ಒಡೆಯರ ಕಂಬಕ್ಕೇ ಒದ್ದೆಯಲ್ಲ ಅಜ್ಜಿ,” ಅಂದರು. “ಇನ್ನೂ ಹೆದರ್ತಾ ಕೂತ್ರೆ ನಾನು ಮನುಷ್ಯನಾ?”

ನರ್ಸ್ ಮಂಚ ತಳ್ಳಿದಳು. “ಪೋಂ...” ಅಂದರು ಇವರು. ನಾನು ಮಂಚದ ಅಂಚು ಹಿಡಿದು ಆಪರೇಷನ್ ಕೋಣೆಯ ಬಾಗಿಲವರೆಗೂ ಕುಂಟುತ್ತ ಹೋದೆ.